ಕಾಲುಂಗುರದ ಅಡಿ

ನಮ್ಮಮ್ಮನ ಎಡಗಾಲಿನ ಹೆಬ್ಬೆರಳಿಗೆ ಹುಣ್ಣಾದಾಗ ನಾನು ಅಜ್ಜಂಪುರದಿಂದ ಯಗಟಿಗೆ ಹೋಗಿದ್ದೆ. ಅಮ್ಮ ಅಂಗಳದಲ್ಲಿ ಕೂತು ರಾಗಿ ಕೇರುತ್ತಿದ್ದಳು. ಬೆರಳಿಗೆ ಹಳೇ ಸೀರೆಯ ಚೂರೊಂದನ್ನು ಸುತ್ತಿಕೊಂಡಿದ್ದಳು. ಬಿಚ್ಚಿ ತೋರಿಸು ಅಂದರೆ, "ಅದ್ರಲ್ಲೇನು ನೋಡ್ತೀಯ, ನೋವಿಲ್ಲ ಕಣೇ" ಅಂದಳು. ನೋವಿಲ್ಲ ಅಂದಮೇಲೆ ನನಗೂ ಸಮಾಧಾನವಾಗಿ, ಕಾಫಿ ಕುಡಿದು, ಸಂಜೆಯ ಬಸ್ಸಿಗೆ ವಾಪಸ್ ಬಂದೆ. ಮೂರು ತಿಂಗಳಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಅದಾದ ಮೇಲೂ ಅಮ್ಮ ಆರು ವರ್ಷ ಬದುಕಿದ್ದಳು, ಜಗಲಿಯ ಮೇಲೆ ಕೂತು ಊರಿನವರ ಮೇಲೆಲ್ಲ ದರ್ಬಾರು ಮಾಡಿಕೊಂಡೇ ಇದ್ದಳು. ಆದರೆ ಆ ಬಟ್ಟೆಯ ಚೂರನ್ನು ಬಿಚ್ಚದೆ ಎದ್ದು ಬಂದದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಮ್ಮನ ಹಾಗೆ ನನಗೂ ಶುಗರ್ ಅಂತ ಗೊತ್ತಾದದ್ದು ಮೂವತ್ತೊಂಬತ್ತನೇ ವಯಸ್ಸಿನಲ್ಲಿ. ಈಗ ಹನ್ನೊಂದು ವರ್ಷವಾಯಿತು. ಕಾಯಿಲೆಗಿಂತ ಅದರ ಯೋಚನೆಯೇ ನನ್ನನ್ನು ಹೆಚ್ಚು ತಿಂದಿದೆ ಅಂತ ಹೇಳಿದರೆ ಸುಳ್ಳಲ್ಲ. ನಾನು ಟೈಲರ್. ರವಿಕೆ, ಲಂಗ, ಶಾಲೆಯ ಯೂನಿಫಾರ್ಮು ಹೊಲಿಯುತ್ತೇನೆ. ನನ್ನದು ಕಾಲಲ್ಲಿ ತುಳಿಯುವ ಮಿಷನ್ನು. ಒಂದು ದಿನ ಸೂಜಿಗೆ ದಾರ ಪೋಣಿಸಲು ಎರಡು ಸಲ ತಪ್ಪಿದರೆ ಕಣ್ಣು ಹೋಯಿತು ಅಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಮುಖ ಉಬ್ಬಿದಂತೆ ಕಂಡರೆ ಕಿಡ್ನಿ. ಕಾಲು ಜೋಮು ಹಿಡಿದರಂತೂ ಕೇಳುವುದೇ ಬೇಡ, ಆಗಲೇ ಜಗಲಿಯ ಮೇಲೆ ಅಮ್ಮನ ಜಾಗದಲ್ಲಿ ನಾನು ಕೂತಿರುತ್ತಿದ್ದೆ.

ಯೋಚನೆಗೆ ಮದ್ದು ಅಂತ ಏನೇನು ಮಾಡಿದ್ದೀನಿ ಅಂದರೆ ನಗು ಬರುತ್ತದೆ. ಮೆಂತ್ಯ ನೆನೆಸಿ ಕುಡಿದೆ, ಹಾಗಲಕಾಯಿ ರಸ ಕುಡಿದೆ, ಫೋನಿನಲ್ಲಿ ಯಾರೋ ಹೇಳಿದರು ಅಂತ ಯಾವುದೋ ಸೊಪ್ಪು ಅಗಿದು ಎರಡು ದಿನ ಬಾಯಿ ಒಗರಾಗಿ ಕೂತೆ. ಶುಗರ್ ನೋಡುವ ಮಿಷನ್ನು ತಂದು ದಿನಕ್ಕೆ ಐದು ಸಲ ಬೆರಳು ಚುಚ್ಚಿಕೊಂಡೆ. ಚುಚ್ಚಿದ ಬೆರಳಲ್ಲೇ ಹೆಮ್ಮಿಂಗ್ ಮಾಡಬೇಕಲ್ಲ, ಉರಿ ತಡೆಯದೆ ಗಿರಾಕಿಗಳ ಮೇಲೆ ರೇಗುತ್ತಿದ್ದೆ. ನಮ್ಮನೆಯವರು ಮೋಟರ್ ವೈಂಡಿಂಗ್ ಮಾಡುವವರು, ಪೇಟೆಯಲ್ಲಿ ಸಣ್ಣ ಅಂಗಡಿ. ಅವರದು ಮಾತು ಕಡಿಮೆ. "ಮೋಟ್ರು ಸುಟ್ಟುಹೋಗ್ತದೆ ಅಂತ ದಿನಾ ಬಿಚ್ಚಿ ನೋಡಿದ್ರೆ ಅದು ಅದಕ್ಕೇ ಕೆಟ್ಟೋಗ್ತದೆ ಕಣೇ" ಅಂದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಕಾಲೇನು ನಿಮ್ಮ ಬೋರ್‌ವೆಲ್ ಮೋಟರಾ ಅಂತ ಕೇಳಿದೆ. ಅವರು ಊಟ ಮುಗಿಸಿ ಅಂಗಡಿಗೆ ಹೋದರು.

ಹೋದ ವರ್ಷ ತರೀಕೆರೆಯಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ಒಬ್ಬಳೇ ಬಸ್ಸಿನಲ್ಲಿ ಹೋದೆ, ಏನಾದರೂ ಕೆಟ್ಟದ್ದು ಹೇಳಿದರೆ ಜೊತೆಯಲ್ಲಿದ್ದವರಿಗೆ ಮುಖ ತೋರಿಸಬೇಕಲ್ಲ ಅಂತ. ಡಾಕ್ಟರಮ್ಮ ಒಂದು ಗಟ್ಟಿ ಎಳೆ ತೆಗೆದರು, ಗಾಳದ ದಾರದಂಥದ್ದು. "ಕಣ್ಣು ಮುಚ್ಕೊಳ್ಳಿ. ಪಾದಕ್ಕೆ ಇದು ತಾಗಿದ್ದು ಗೊತ್ತಾದ್ರೆ ಹೂಂ ಅನ್ನಿ" ಅಂದರು. ನಾನು ಕಣ್ಣು ಮುಚ್ಚಿದೆ. ಮೊದಲು ಎರಡು ಕಡೆ ಗೊತ್ತಾಯಿತು. ಆಮೇಲೆ ಗೊತ್ತಾಗಲಿಲ್ಲ. ಕಾಲು ಹೋಯಿತು ಅಂದುಕೊಂಡೆ. ಮಿಷನ್ ತುಳಿದು ತುಳಿದು ನನಗೆ ಲಯ ಚೆನ್ನಾಗಿ ಗೊತ್ತು. ಅವರು ಎಷ್ಟು ಹೊತ್ತಿಗೊಮ್ಮೆ ಮುಟ್ಟುತ್ತಾರೆ ಅನ್ನೋದು ಅಂದಾಜಿಗೆ ಸಿಕ್ಕಿತ್ತು. ಆ ಅಂದಾಜಿನ ಮೇಲೆ ಹೂಂ, ಹೂಂ ಅನ್ನುತ್ತಾ ಹೋದೆ.

"ನಾನು ದಾರ ಕೆಳಗಿಟ್ಟು ಆಗ್ಲೇ ಬರೀತಾ ಕೂತಿದ್ದೀನಿ ಕಣ್ರೀ" ಅಂದರು ಡಾಕ್ಟರಮ್ಮ. "ಯಾವುದಕ್ಕೆ ಹೂಂ ಅಂತಿದ್ದೀರಿ?"

ಕಣ್ಣು ಬಿಟ್ಟೆ. ಐವತ್ತರ ಹತ್ತಿರದ ಹೆಂಗಸು, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಕೂತಿದ್ದೆ. ಅವರು ಬೈಯಲಿಲ್ಲ. "ಇದ್ರಲ್ಲಿ ಪಾಸಾಗೋದು ಫೇಲಾಗೋದು ಏನಿಲ್ಲ. ಎಲ್ಲಿ ಸ್ಪರ್ಶ ಕಡಿಮೆಯಾಗಿದೆ ಅಂತ ಗೊತ್ತಾದ್ರೆ ಅಲ್ಲಿ ಜಾಸ್ತಿ ನೋಡ್ಕೋಬೋದು, ಅಷ್ಟೇ" ಅಂದು ಇನ್ನೊಮ್ಮೆ ಮೊದಲಿನಿಂದ ಮಾಡಿದರು. ಎರಡೂ ಕಾಲಿನ ಮುಂಭಾಗದಲ್ಲಿ ಸ್ಪರ್ಶ ಕಡಿಮೆಯಾಗಿತ್ತು. ಬರಿಗಾಲಲ್ಲಿ ಓಡಾಡಬೇಡಿ, ಮನೆಯಲ್ಲಿ ಯಾರಾದರೂ ದಿನಾ ಪಾದ ನೋಡಲಿ ಅಂದರು. ಕೊನೆಗೆ ನನ್ನ ಎರಡನೇ ಬೆರಳುಗಳ ಕಡೆ ಪೆನ್ನು ತೋರಿಸಿ, "ಈ ಕಾಲುಂಗುರ ಬಿಗಿಯಾಗಿವೆ, ತೆಗೆಸಿಬಿಡಿ. ಅಡಿಯಲ್ಲಿ ಗಾಯ ಆದ್ರೆ ನಿಮಗೂ ಗೊತ್ತಾಗಲ್ಲ, ನೋಡೋರಿಗೂ ಕಾಣಲ್ಲ" ಅಂದರು.

ಆಯ್ತು ಡಾಕ್ಟ್ರೇ ಅಂದೆ. ಅದೂ ಅಂದಾಜಿನ ಹೂಂ.

ನನ್ನವು ಈಗಿನ ಹುಡುಗಿಯರು ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಬಾಯಿಬಿಟ್ಟ ಉಂಗುರಗಳಲ್ಲ. ಗಟ್ಟಿ ಬೆಳ್ಳಿಯ ಮುಚ್ಚಿದ ಸುತ್ತು. ಮದುವೆಯ ದಿನ ನಮ್ಮನೆಯವರು ನನ್ನ ಕಾಲು ಹಿಡಿದು ತೊಡಿಸಿದ್ದು, ಅವತ್ತಿನಿಂದ ಕಳಚಿಲ್ಲ. ಗಂಡ ಇರುವವರೆಗೆ ಅವು ಕಳಚುವಂಥವಲ್ಲ. ಅವು ಕಳಚುವುದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಮದುವೆಯಾದ ಎರಡನೇ ವರ್ಷ ನಮ್ಮ ಮಾವ ತೀರಿಕೊಂಡರು. ಕಾರ್ಯದ ದಿನ ಹಿತ್ತಲಲ್ಲಿ ಅತ್ತೆಯನ್ನು ಕೂರಿಸಿ, ಗಂಡನಿಲ್ಲದ ಇಬ್ಬರು ಹೆಂಗಸರು ಅವರ ಕಾಲುಂಗುರ ಎಳೆದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಉಂಗುರ ತಟ್ಟೆಗೆ ಬಿದ್ದ ಸದ್ದು ಕೇಳಿ ಒಳಗೆ ಹೋಗಿಬಿಟ್ಟೆ. ಅದೂ ಅಲ್ಲದೆ ನಮ್ಮನೆಯವರದು ಕರೆಂಟಿನ ಜೊತೆ ಕೆಲಸ. ಇವತ್ತು ಉಂಗುರ ತೆಗೆದು ನಾಳೆ ಅವರಿಗೆ ಏನಾದರೂ ಆದರೆ? ನಾನು ಇದನ್ನೆಲ್ಲ ನಂಬುವವಳಲ್ಲ ಅಂತಲೇ ಹೇಳಿಕೊಂಡು ಓಡಾಡಿದವಳು. ಆದರೂ ಕೈ ಬರಲಿಲ್ಲ. ಒಂದು ಕಡೆ ಕಾಲಿನ ಭಯ, ಇನ್ನೊಂದು ಕಡೆ ಗಂಡನ ಭಯ, ನಡುವೆ ನಾನು ಬಾಯಿ ಮುಚ್ಚಿಕೊಂಡೆ. ಮನೆಯಲ್ಲಿ ಎಲ್ಲ ಹೇಳಿದೆ, ಉಂಗುರದ ಮಾತೊಂದನ್ನು ಬಿಟ್ಟು.

ಪಾದ ನೋಡುವ ಕೆಲಸ ಮೊದಲು ನಮ್ಮನೆಯವರಿಗೆ ಬಿತ್ತು. ಎರಡು ದಿನ ಟಾರ್ಚು ಹಿಡಿದು ನೋಡಿದರು, ಮೂರನೇ ದಿನ ಯಾರದೋ ಪಂಪ್‌ಸೆಟ್ಟು ಅಂತ ಬೆಳಿಗ್ಗೆಯೇ ಎದ್ದು ಹೋದರು. ಆಗ ಅತ್ತೆ, "ನಾನು ನೋಡ್ತೀನಿ, ಕಾಲು ಚಾಚು" ಅಂದರು. ಅವರಿಗೆ ಎಪ್ಪತ್ತು ದಾಟಿದೆ. ಸೊಸೆಯ ಕಾಲನ್ನು ಅತ್ತೆ ಮುಟ್ಟುವುದುಂಟೇ? ಬೇಡ ಅತ್ತೆ, ನನಗೆ ಪಾಪ ಸುತ್ಕೊಳ್ಳುತ್ತೆ ಅಂದೆ. ಅದಕ್ಕೆ ಅವರೇ ಒಂದು ದಾರಿ ಹುಡುಕಿದರು.

"ಮೊದ್ಲು ನೀನು ನನ್ನ ಕಾಲಿಗೆ ಬೀಳು. ಆಮೇಲೆ ನಾನು ನಿನ್ನ ಕಾಲು ಮುಟ್ತೀನಿ. ಅಲ್ಲಿಗಲ್ಲಿಗೆ ಸರಿಹೋಯ್ತದೆ."

ಹಾಗೆ ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ನಾನು ಅವರ ಕಾಲಿಗೆ ಬೀಳುವುದು, ಅವರು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳು ಬಿಡಿಸಿ ನೋಡುವುದು ಶುರುವಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ನೋಡುತ್ತಿದ್ದರು. ನನ್ನ ಯೋಚನೆಯೂ ಒಂದಿಷ್ಟು ಹತೋಟಿಗೆ ಬಂತು. ಬೆಳಿಗ್ಗೆ ಒಂದು ಸಲ ನೋಡಿಯಾಯಿತಲ್ಲ, ಇನ್ನು ನಾಳೆಯವರೆಗೆ ಅದರ ಸುದ್ದಿ ಬೇಡ ಅಂತ ಮನಸ್ಸಿಗೆ ಹೇಳಿದರೆ ಕೇಳುತ್ತಿತ್ತು. ಬೆರಳು ಚುಚ್ಚಿಕೊಳ್ಳುವುದನ್ನೂ ಡಾಕ್ಟರಮ್ಮ ಹೇಳಿದಷ್ಟಕ್ಕೆ ಇಳಿಸಿದೆ. ಒಮ್ಮೊಮ್ಮೆ ಅತ್ತೆ ಉಂಗುರವನ್ನು ಅಲ್ಲಾಡಿಸಲು ನೋಡಿ, "ಇದ್ರ ಅಡಿ ಏನೂ ಕಾಣಲ್ವಲ್ಲಮ್ಮ" ಅನ್ನುತ್ತಿದ್ದರು. ಅಲ್ಲೇನಿಲ್ಲ ಬಿಡಿ ಅತ್ತೆ ಅಂತ ಕಾಲು ಎಳೆದುಕೊಳ್ಳುತ್ತಿದ್ದೆ.

ನಾಲ್ಕು ತಿಂಗಳು ಹೀಗೆ ಹೋಯಿತು. ಒಂದು ದಿನ ಕಡೂರಿನ ಗಿರಾಕಿಯೊಬ್ಬರ ಕೆನೆಬಣ್ಣದ ಲೈನಿಂಗ್ ಬಟ್ಟೆ ಜಾರಿ ಮಿಷನ್ನಿನ ಪೆಡಲಿನ ಮೇಲೆ ಬಿತ್ತು. ಎತ್ತಿ ನೋಡಿದರೆ ಹಳದಿ ಕಲೆ. ಹಿಂದಿನ ದಿನವಷ್ಟೇ ನಮ್ಮನೆಯವರು ಮಿಷನ್ನಿಗೆ ಎಣ್ಣೆ ಬಿಟ್ಟಿದ್ದರು. ನನಗೆ ಪಿತ್ತ ನೆತ್ತಿಗೇರಿತು. ತಿಂಡಿಗೆ ಕೂತಿದ್ದವರ ಮುಂದೆ ಬಟ್ಟೆ ಹಿಡಿದು, ನಿಮಗೆ ಎಣ್ಣೆ ಎಷ್ಟು ಬಿಡಬೇಕು ಅಂತ ಗೊತ್ತಿಲ್ವಾ, ಬೇರೆಯವರ ಬಟ್ಟೆ ಹಾಳಾಯ್ತು ಅಂತ ಕೂಗಾಡಿದೆ. ಅವರು ಬಟ್ಟೆಯನ್ನು ಕೈಗೆ ತಗೊಂಡು ಉಜ್ಜಿ, ಮೂಸಿ ನೋಡಿದರು.

"ಇದು ಎಣ್ಣೆ ಅಲ್ಲ ಕಣೇ."

ಅತ್ತೆ ಅಡುಗೆಮನೆಯಿಂದ ಬಂದು, ಏನೂ ಕೇಳದೆ ನನ್ನನ್ನು ಚಾಪೆಯ ಮೇಲೆ ಕೂರಿಸಿ ಬಲಗಾಲು ಎತ್ತಿದರು. ಅವತ್ತು ಕಾಲಿಗೆ ಬೀಳುವುದು ಮರೆತೇ ಹೋಯಿತು. ಬೆರಳನ್ನು ಕೆಳಗಿನಿಂದ ಒತ್ತಿದರು. ಉಂಗುರದ ಅಂಚಿನಿಂದ ಕೀವು ಬಂತು.

"ನೋವಿಲ್ವಾ?" ಅಂದರು.

"ನೋವಿಲ್ಲ ಅತ್ತೆ."

ಹಾಗೆ ಅಂದ ಕೂಡಲೇ ನನಗೆ ನನ್ನ ಮಾತು ಕೇಳಿಸಿತು. ಯಗಟಿಯ ಅಂಗಳ, ಮೊರ, ಆ ಸೀರೆಯ ಚೂರು ಎಲ್ಲ ಕಣ್ಣ ಮುಂದೆ ಬಂತು. ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ. ಡಾಕ್ಟರಮ್ಮ ಉಂಗುರ ತೆಗೆಸು ಅಂದದ್ದು, ನಾನು ಮುಚ್ಚಿಟ್ಟದ್ದು, ಯಾಕೆ ಮುಚ್ಚಿಟ್ಟೆ ಅನ್ನೋದು. ನಮ್ಮನೆಯವರು ತಟ್ಟೆ ಪಕ್ಕಕ್ಕೆ ಸರಿಸಿದರು. ತೆಗೆಯೋಣ ಅಂತ ಅವರೂ ಅನ್ನಲಿಲ್ಲ. ಅವರ ಮುಖ ನೋಡಿದರೆ ನನಗಿದ್ದ ಭಯವೇ ಅವರಿಗೂ ಇತ್ತು.

ಅತ್ತೆ ಮಾತ್ರ ನನ್ನ ಕಾಲು ಬಿಡಲಿಲ್ಲ.

"ನನ್ನ ಉಂಗುರ ಇದಕ್ಕಿಂತ ಬಿಗಿ ಇದ್ವು" ಅಂದರು. "ಸೀಗೆಪುಡಿ ಹಾಕಿ, ಎಣ್ಣೆ ಹಾಕಿ ಎಳುದ್ರೂ ಬರ್ಲಿಲ್ಲ. ಚರ್ಮ ಕಿತ್ಕೊಂಡೇ ಬಂದ್ವು. ಅಷ್ಟು ಬಿಗಿಯಾಗಿದ್ರೂ ಅವ್ರು ಹೋದ್ರಲ್ಲ? ಉಂಗುರ ಹಿಡ್ಕೊಂಡಿತ್ತಾ ಅವ್ರನ್ನ?" ಆಮೇಲೆ ಮಗನ ಕಡೆ ತಿರುಗಿದರು. "ತೊಡಿಸಿದವ್ನು ನೀನೇ ತಾನೇ. ಎದ್ದೇಳು, ಕಟಿಂಗ್ ಪ್ಲೇಯರ್ ತಗೊಂಡ್ಬಾ."

ಅವರು ಎದ್ದು ಸೋಪು ಹಾಕಿ ಕೈ ತೊಳೆದು ಬಂದರು. ಮೋಟರಿನೊಳಗೆ ತಂತಿ ಸುತ್ತುವ ಮೊದಲು ಹಾಸುವ ಒಂದು ನಯವಾದ ಕಾಗದ ಇರುತ್ತದೆ, ತಂತಿ ಕಬ್ಬಿಣಕ್ಕೆ ತಾಗದಿರಲಿ ಅಂತ. ಅದರ ಹೊಸ ಪಟ್ಟಿಯೊಂದನ್ನು ಕತ್ತರಿಸಿ, ಹುಣ್ಣಿಲ್ಲದ ಮೇಲ್ಭಾಗದಲ್ಲಿ ಉಂಗುರಕ್ಕೂ ಚರ್ಮಕ್ಕೂ ನಡುವೆ ನಿಧಾನವಾಗಿ ತೂರಿಸಿದರು. ಆಮೇಲೆ ಪ್ಲೇಯರ್ ಹಿಡಿದರು. ಕಣ್ಣಲ್ಲಿ ನೀರಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಟಕ್ ಅಂತ ಉಂಗುರ ತುಂಡಾಯಿತು. ಅಡಿಯಲ್ಲಿ ಅವರೆಕಾಳಿನಷ್ಟು ಹುಣ್ಣು. ಇನ್ನೊಂದು ಕಾಲಿನದನ್ನೂ ಕತ್ತರಿಸಿ ಅಂದೆ. ಅದನ್ನೂ ಕತ್ತರಿಸಿದರು.

ಅರ್ಧ ಗಂಟೆಯಲ್ಲಿ ತರೀಕೆರೆಯ ಬಸ್ಸಿನಲ್ಲಿದ್ದೆವು. ಡಾಕ್ಟರಮ್ಮ ಈ ಸಲ ಬೈದರು, ಚೆನ್ನಾಗಿಯೇ ಬೈದರು. ಉಂಗುರ ಕತ್ತರಿಸಲು ಇಲ್ಲಿಗೇ ಬರಬೇಕಿತ್ತು ಅಂತ ನಮ್ಮನೆಯವರಿಗೂ ಒಂದು ಪಾಲು ಸಿಕ್ಕಿತು. ಎಕ್ಸ್-ರೇ ನೋಡಿ, ಮೂಳೆಗೆ ಇಳಿದಿಲ್ಲ, ಬೆರಳು ಉಳಿಯುತ್ತೆ ಅಂದರು. ಆ ಮಾತು ಕೇಳಿದ ಮೇಲೆ ಬೈಗುಳ ಎಷ್ಟಿದ್ದರೂ ಇರಲಿ ಅನ್ನಿಸಿತು. ಹುಣ್ಣು ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಮಿಷನ್ ತುಳಿಯುವಂತಿರಲಿಲ್ಲ. ಮೋಟರ್ ಹಾಕಿಸಿಕೋ ಅಂತ ನಮ್ಮನೆಯವರು ವರ್ಷಗಳಿಂದ ಹೇಳುತ್ತಿದ್ದರು, ಆಗ ಹಾಕಿಸಿಕೊಂಡೆ. ಅದು ನನ್ನ ಮಾತು ಕೇಳದೆ ಓಡುತ್ತದೆ, ಇನ್ನೂ ಅಭ್ಯಾಸವಾಗಿಲ್ಲ.

ಬೀದಿಯವರ ಕಣ್ಣು ಮೊದಲು ಬೀಳುವುದು ಕಾಲಿಗೇ. ಎದುರುಮನೆಯಾಕೆ ಬಂದು, "ಇದೇನೇ, ಕಾಲು ಬರಿದು ಮಾಡ್ಕೊಂಡಿದ್ದೀಯ" ಅಂತ ದನಿ ತಗ್ಗಿಸಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ, "ನನ್ನ ಮಗ ಅಂಗಡೀಲಿ ಗುಂಡುಕಲ್ಲಿನಂಗೆ ಕೂತವ್ನೆ, ಅನುಮಾನ ಇದ್ರೆ ಹೋಗಿ ನೋಡ್ಕೊಂಡ್ಬಾ" ಅಂದರು. ತುಂಡಾದ ಉಂಗುರಗಳು ನನ್ನ ಗುಂಡಿಗಳ ಡಬ್ಬಿಯಲ್ಲಿವೆ. ಕರಗಿಸಲು ಇನ್ನೂ ಮನಸ್ಸಾಗಿಲ್ಲ.

ಯೋಚನೆ ಹೋಗಿದೆಯಾ ಅಂದರೆ ಹೋಗಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಪರದೆಯ ಫೋಟೋ ತೆಗೆಸುವಾಗ ಈಗಲೂ ಬಾಯಿ ಒಣಗುತ್ತದೆ. ಆದರೆ ಈಗ ಒಬ್ಬಳೇ ಹೋಗುವುದಿಲ್ಲ, ಬಂದು ಏನನ್ನೂ ಮುಚ್ಚಿಡುವುದಿಲ್ಲ. ಬೆಳಗಿನ ಕೆಲಸ ಮೊದಲಿನಂತೆಯೇ ನಡೆದಿದೆ. ಜೊತೆಗೆ ಅತ್ತೆ ತಾವೇ ಒಂದು ಪರೀಕ್ಷೆ ಸೇರಿಸಿದ್ದಾರೆ. ದೇವರ ದೀಪಕ್ಕೆ ಹೊಸೆದ ಹತ್ತಿಯ ಬತ್ತಿಯಿಂದ ಪಾದ ಮುಟ್ಟಿ, ಎಲ್ಲಿ ಹೇಳು ಅನ್ನುತ್ತಾರೆ. ನಾನು ಕಣ್ಣು ಮುಚ್ಚಿ ಹೇಳಬೇಕು.

ಇವತ್ತು ಬೆಳಿಗ್ಗೆಯೂ ಅವರ ಕಾಲಿಗೆ ಬಿದ್ದು, ಕಣ್ಣು ಮುಚ್ಚಿ ಕೂತೆ.

"ಎಲ್ಲಿ?"

"ಹಿಮ್ಮಡಿ."

"ಈಗ?"

"ಕಿರುಬೆರಳು."

"ಈಗ?"

ಕಾದೆ. ಏನೂ ಇಲ್ಲ. ಅವರ ಬಳೆಯಿಲ್ಲದ ಕೈ ಸದ್ದೂ ಮಾಡುವುದಿಲ್ಲ. ಹೂಂ ಅಂತ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ಗೊತ್ತಾಗ್ಲಿಲ್ಲ ಅತ್ತೆ."

"ಉಂಗುರ ಇದ್ದ ಬೆರಳು ಅದು" ಅಂದರು. "ಸರಿ ಬಿಡು, ಅದನ್ನ ನಾನು ನೋಡ್ಕೋತೀನಿ."

ಕಣ್ಣು ಬಿಟ್ಟಾಗ ಅವರು ಬತ್ತಿಯನ್ನು ಪಕ್ಕಕ್ಕಿಟ್ಟು, ಕನ್ನಡಕ ಏರಿಸಿಕೊಂಡು, ಆ ಬೆರಳಿನ ಮೇಲೆ ಬಗ್ಗಿದ್ದರು.