ಪಕ್ಕದ ಮನೆಯವರು

ನಾನು ಚಿಕ್ಕವನಿದ್ದಾಗ ನಮ್ಮ ಈ ಊರಿಗೆ ನದಿಯೇ ಹೆಬ್ಬಾಗಿಲು. ಈಗ ನಿಮ್ಮ ಅಪ್ಪ ಅಮ್ಮ ಕಾರು ನಿಲ್ಲಿಸುವ ಶಾಪಿಂಗ್ ಸೆಂಟರಿನ ಜಾಗದಲ್ಲಿ ದೋಣಿ ಕಟ್ಟುವ ಮರದ ಜೆಟ್ಟಿ ಇತ್ತು. ಬ್ರಿಸ್ಬೇನ್ ಪೇಟೆಯ ದೋಣಿ ಅಲ್ಲಿಗೇ ಬರುತ್ತಿತ್ತು. ಡೀಸೆಲ್, ಮೀನು, ಬಿಸಿಲಿಗೆ ಕಾದ ಕೆಸರು ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಅಡರುತ್ತಿತ್ತು. ನನಗಂತೂ ಅದು ಬಲು ಇಷ್ಟ.

ಅಪ್ಪ ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್. ವರ್ಷವೆಲ್ಲ ಟೈ ಕಟ್ಟಿ ದೋಣಿ ಹತ್ತುತ್ತಿದ್ದ ಅವರು ಸಂಕ್ರಾಂತಿಯ ಬೆಳಿಗ್ಗೆ ಮಾತ್ರ ಪಂಚೆಯುಟ್ಟು, ಹಿತ್ತಾಳೆ ತಂಬಿಗೆ ಹಿಡಿದು ಜೆಟ್ಟಿಯ ಮೆಟ್ಟಿಲಿಳಿಯುತ್ತಿದ್ದರು. ಗಂಗೆ, ಯಮುನೆ, ಕಾವೇರಿ ಎಂದು ಒಂದೊಂದೇ ಹೆಸರು ಹೇಳಿ, ಕೊನೆಗೆ ನಮ್ಮ ಬ್ರಿಸ್ಬೇನ್ ನದಿಯನ್ನೂ ಸೇರಿಸಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದರು.

ಒಂದು ಸಂಕ್ರಾಂತಿಯಂದು ಆಚೆ ದಡದ ಹುಡುಗರು ಜೆಟ್ಟಿಯಲ್ಲಿ ಗಾಳ ಹಾಕಿ ಕೂತಿದ್ದರು. ನನಗೂ ಒಂದು ಗಾಳ ಕೊಟ್ಟಿದ್ದರು. ಆ ಖುಷಿಯಲ್ಲಿ ನಾನು ಬೀಗುತ್ತಿದ್ದಾಗಲೇ ಅಪ್ಪ ಪಾಚಿಗೆ ಜಾರಿ ಕೆಸರಿಗಿಳಿದರು.

“ಪುಟ್ಟಾ, ಕಾಲು ಹೂತ್ಕೊಂಬಿಡ್ತು ಕಣೋ. ಸ್ವಲ್ಪ ಕೈ ಕೊಡೋ!”

ಹುಡುಗರು ಕಿಸಕ್ಕನೆ ನಕ್ಕರು. “ಈಸ್ ದಟ್ ಯುವರ್ ಡ್ಯಾಡ್?” ಎಂದು ಒಬ್ಬ ಕೇಳಿದ. ಅಲ್ಲ, ಪಕ್ಕದ ಮನೆಯವರು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಅಪ್ಪನಿಗೆ ಅದು ಕೇಳಿಸಿತು. ಕಂಬ ಹಿಡಿದು ತಾವೇ ಮೇಲೆ ಬಂದರು. ನನ್ನ ಪಕ್ಕ ಹಾದುಹೋಗುವಾಗ, “ಎಕ್ಸ್‌ಕ್ಯೂಸ್ ಮಿ, ಯಂಗ್ ಮ್ಯಾನ್” ಎಂದರು. ನನ್ನ ಸುಳ್ಳನ್ನು ಅವರೇ ಕಾಪಾಡಿಕೊಟ್ಟರು. ಮನೆಯಲ್ಲೂ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. ಅಂದಿನಿಂದ ನಾಲ್ಕು ಜನರ ಮುಂದೆ ಅವರು ನನ್ನೊಡನೆ ಕನ್ನಡ ಆಡಲಿಲ್ಲ, ಪುಟ್ಟಾ ಎಂದು ಕೂಗಲೂ ಇಲ್ಲ. ನಾನು ಕ್ಷಮೆ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಮಕ್ಕಳೇ, ಈ ಟೌನ್‌ಹೌಸ್ ಸಾಲುಮನೆಗಳ ಬೇಲಿಯಾಚೆ ನದಿ ಇದೆಯೆಂಬುದೇ ನಿಮಗೆ ಗೊತ್ತಿರಲಿಲ್ಲ. ನಿಮಗೆ ನೀರೆಂದರೆ ಬಿಲ್ಡರ್ ತೋಡಿಸಿದ ಕೆರೆ, ಅದರ ಬಾತುಕೋಳಿಗಳು. ಈ ಸಂಕ್ರಾಂತಿಗೆ ಅದೇ ತಂಬಿಗೆ ಹಿಡಿದು, ಪಂಚೆಯುಟ್ಟು ನಾನು ಆ ಕೆರೆಗೆ ಹೋದಾಗ ನಿಮ್ಮ ಗೆಳೆಯರು ಸೈಕಲ್ ನಿಲ್ಲಿಸಿ ನೋಡಿದರು. ನಾನು ತಂಬಿಗೆಯನ್ನು ಪಂಚೆಯ ಮರೆಗೆ ಸರಿಸಿದೆ. ಅಷ್ಟರಲ್ಲಿ ನಿಮ್ಮಲ್ಲಿ ಚಿಕ್ಕವಳು ಓಡಿಬಂದು ನನ್ನ ಕೈ ಹಿಡಿದು, “ದಿಸ್ ಈಸ್ ಮೈ ತಾತ!” ಎಂದಳು.

ನೀವು ಕನ್ನಡದಲ್ಲಿ ಉತ್ತರಿಸುವುದಿಲ್ಲವೆಂದು ನಾನು ಎಷ್ಟು ಗೊಣಗಿದ್ದೆ! ಅಂದು ಜೆಟ್ಟಿಯ ಮೇಲೆ ನಾನು ಹೇಳಬೇಕಿದ್ದುದೂ ಅವಳು ಹೇಳಿದಷ್ಟೇ ಮಾತು.