ಬೀರಕ್ಕನ ಗಂಟಲು

ಕಂಬದೂರು ಕಡೆ ಬೀರಕ್ಕನನ್ನು ನೋಡದವರು ಇರಬಹುದು, ಅವಳ ದನಿ ಕೇಳದವರಿಲ್ಲ. ಈ ಗುಡ್ಡದ ಮೇಲೆ ನಿಂತು ಕೂಗಿದರೆ ಆ ಗುಡ್ಡದ ಕುರಿ ತಲೆ ಎತ್ತಬೇಕು, ಅಂಥ ಗಂಟಲು. ಅರವತ್ತು ದಾಟಿದ ಹೆಂಗಸು. ಗಂಡ ಹೋದ ಮೇಲೆ ಎಂಬತ್ತು ಕುರಿಗಳನ್ನು ಹೆಚ್ಚುಕಡಿಮೆ ಬಾಯಿಯಿಂದಲೇ ಕಾದಿದ್ದಾಳೆ. ನಾನು ಕಲ್ಯಾಣದುರ್ಗದ ಪಶು ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ, ಪಟ್ಟಿ ಕಟ್ಟುವ ಕೆಲಸದವನು. ಅವಳ ಹಟ್ಟಿಗೆ ಲಸಿಕೆ ಹಾಕಲು ಹೋದಾಗೆಲ್ಲ ಬೈಸಿಕೊಂಡೇ ಬಂದಿದ್ದೇನೆ. ಬೈದಾದ ಮೇಲೆ ಮಜ್ಜಿಗೆ ಕೊಡುತ್ತಾಳೆ, ಅದು ಬೇರೆ ಮಾತು.

ಕಳೆದ ಮಾಘದಲ್ಲಿ ಅವಳು ಬೀಗರ ಮನೆಗೆಂದು ಲೇಪಾಕ್ಷಿಗೆ ಹೋಗಿದ್ದಳು. ಅದು ಸೊಸೆ ಮೇಘನಾಳ ತವರು. ವಾಪಸು ಬರಲು ಹಿಂದೂಪುರದ ಬಸ್ಸಿಗೆ ಕಾಯುವಾಗ ರಸ್ತೆ ಬದಿಯ ಜಾಲಿ ಗಿಡದ ಕೆಳಗೆ ಒಂದು ನಾಯಿ ಬಿದ್ದಿತ್ತು. ಉದ್ದ ಮೂತಿ, ಹಿಡಿಯಷ್ಟು ಸೊಂಟ. ಒಂದು ಹಿಂಗಾಲು ಮುರಿದಿತ್ತು, ತೊಡೆಯನ್ನು ಮುಳ್ಳುತಂತಿ ಸೀಳಿತ್ತು. ಮೊಲದ ಬೇಟೆಗೆ ತಂದವರು ಕಾಲು ಹೋಯಿತೆಂದು ಅಲ್ಲೇ ಬಿಟ್ಟು ಹೋಗಿರಬೇಕು. ಬೀರಕ್ಕ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ ಹತ್ತಿದಳು. ಕಂಡಕ್ಟರ್ "ಏಮಮ್ಮಾ ಅದಿ?" ಎಂದು ತೆಲುಗಿನಲ್ಲಿ ಕೇಳಿದ್ದಕ್ಕೆ "ಕುರಿಮರಿ" ಎಂದಳಂತೆ. ಕಂಬಳಿಯಿಂದ ಗೇಣುದ್ದ ಮೂತಿ ಹೊರಗಿತ್ತು. ಅವನು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಇವಳು ತೆರೆದಳು. ಹಿಂದೂಪುರದವರೆಗೂ ಅವನು ಮತ್ತೆ ಆ ಸೀಟಿನ ಕಡೆ ಸುಳಿಯಲಿಲ್ಲ. ಅಲ್ಲಿಂದ ಕಲ್ಯಾಣದುರ್ಗದ ಬಸ್ಸಿನಲ್ಲೂ ಅದೇ ಕತೆ.

ಬಸ್ಸಿಳಿದವಳು ನೇರ ನಮ್ಮ ಆಸ್ಪತ್ರೆಗೆ ಬಂದಳು. ಡಾಕ್ಟರು ಮೂಳೆ ಕೂರಿಸಿದರು, ನಾನು ಪಟ್ಟಿ ಕಟ್ಟಿದೆ.

"ಅಷ್ಟು ನೋವಿದ್ರೂ ಸೊಲ್ಲೆತ್ತಲಿಲ್ಲ ಕಣಪ್ಪ ಕೊಂಡಪ್ಪ," ಎಂದಳು ನನಗೆ. "ಕುಂಯ್ ಅಂದಿದ್ರೆ ಬಿಟ್ಬುಟ್ಟು ಬತ್ತಿದ್ನೇನೋ. ಅನ್ನಲಿಲ್ಲ. ಅದಕ್ಕೇ ಎತ್ಕಂಡು ಬಂದೆ."

ಐದನೆಯ ದಿನ ಪಟ್ಟಿ ನೋಡಲು ಹಟ್ಟಿಗೆ ಹೋದೆ. ನಾಯಿ ಗೋಡೆ ಕಡೆ ಮುಖ ಮಾಡಿ ಮಲಗಿತ್ತು. ಮುಂದಿಟ್ಟ ಮುದ್ದೆ, ಹಾಲು ಹಾಗೇ ಇದ್ದವು. ಬಂದಂದಿನಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಹೊಟ್ಟೆಗಿಲ್ಲದೆ ಗಾಯ ಮಾಯುವುದಾದರೂ ಹೇಗೆ? ಇನ್ನು ಮೂರು ದಿನ ಹೀಗೇ ಇದ್ದರೆ ಉಳಿಯುವುದಿಲ್ಲ ಎಂದೆ. ಬೀರಕ್ಕನ ಮುಖ ಸಣ್ಣದಾಯಿತು. ದನಿ ಮಾತ್ರ ಸಣ್ಣದಾಗಲಿಲ್ಲ.

"ತಿನ್ಲಾ ಮುಂಡೇದೇ! ನಿನ್ ಬಾಯಿಗೆ ಮಣ್ಣು ಹಾಕ! ಸಾಯಾಕೆ ನಮ್ಮನೇನೇ ಬೇಕಿತ್ತಾ?"

ನಾಯಿ ಕಿವಿ ಮಡಿಸಿ ಗೋಡೆಗೆ ಇನ್ನಷ್ಟು ಒತ್ತಿಕೊಂಡಿತು.

ಅವಳನ್ನು ದೂರುವಂತಿಲ್ಲ. ಮೆತ್ತಗೆ ಮಾತಾಡಿಸಿದರೆ ನಾಯಿ ತೋಳಕ್ಕೆ ಹೆದರಲು ಕಲಿಯುತ್ತದೆ ಎಂದು ನಮ್ಮ ಕುರಿಗಾರರು ನಂಬಿದ್ದಾರೆ. ಅದಕ್ಕೇ ಮುದ್ದೆ ಎಸೆಯುವಾಗಲೂ ಬೈದೇ ಎಸೆಯುತ್ತಾರೆ. ಹಟ್ಟಿಯ ನಾಯಿಗಳು ಬಾಲ ಆಡಿಸಿಕೊಂಡು ತಿನ್ನುತ್ತವೆ. ಈ ಬೇಟೆ ಜಾತಿಯ ಸ್ವಭಾವ ಬೇರೆ. ನಾನು ಹಿಂದೂಪುರದಲ್ಲಿ ಕೆಲಸಕ್ಕಿದ್ದಾಗ ಇಂಥವನ್ನು ಕಂಡಿದ್ದೇನೆ. ಬಯಲಲ್ಲಿ ಏನಾದರೂ ಓಡಿದರೆ ಕಣ್ಣಿಗೆ ಸಿಗದಂತೆ ಓಡುತ್ತವೆ, ಮನೆಯಲ್ಲಿದ್ದರೆ ಇವೆಯೋ ಇಲ್ಲವೋ ತಿಳಿಯದು. ಬೊಗಳುವುದು ಅಪರೂಪ. ಪೆಟ್ಟು ತಡೆದುಕೊಳ್ಳುತ್ತವೆ, ಗದರಿಕೆ ತಡೆದುಕೊಳ್ಳುವುದಿಲ್ಲ. ದನಿ ಏರಿತೋ, ಮುದುಡಿಕೊಂಡು ಅನ್ನ ಬಿಡುತ್ತವೆ.

"ಟಾನಿಕ್ ಏನಾದ್ರೂ ಕೊಡಪ್ಪ," ಎಂದಳು ಬೀರಕ್ಕ. "ಇನ್ನೊಂದು ಬಾಟ್ಲಿ ನಮ್ಮ ಮೇಘನಾಗೂ ಕೊಡು. ಲೇಪಾಕ್ಷಿ ಕಡೆಯೋರೆಲ್ಲಾ ಹಿಂಗೇ ಏನೋ. ಎರಡು ತುತ್ತು ತಿಂದು ಎದ್ದೋಯ್ತಾಳೆ."

ಮೇಘನಾ ಒಲೆಯ ಮುಂದಿದ್ದಳು, ತಿರುಗಿ ನೋಡಲಿಲ್ಲ. ಅವಳು ಆ ಮನೆಗೆ ಬಂದು ಆರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿದ ನೆನಪಿಲ್ಲ.

"ಇದಕ್ಕೆ ಔಷಧಿ ನನ್ನ ಹತ್ರ ಇಲ್ಲ ಬೀರಕ್ಕ," ಎಂದೆ, ಸ್ವಲ್ಪ ಸಿಟ್ಟಿನಿಂದಲೇ. "ನಿನ್ನ ಗಂಟಲಲ್ಲೈತೆ. ಬೈಬೇಡ, ಕೂಗಬೇಡ. ಪಕ್ಕದಲ್ಲಿ ಕೂತ್ಕಂಡು ಮೆಲ್ಲಗೆ ಕರಿ."

"ಮೆಲ್ಲಗೆ ಅಂದ್ರೆ ಹೆಂಗೆ?" ಎಂದು ಕೂಗಿದಳು. ತಮಾಷೆಗಲ್ಲ, ನಿಜವಾಗಿಯೂ ಕೇಳಿದಳು.

ಮೂರು ದಿನ ಬಿಟ್ಟು ಬೆಳಿಗ್ಗೆ ಹೋದೆ. ಹಟ್ಟಿ ಸದ್ದಿಲ್ಲದೆ ಬಿದ್ದಿತ್ತು. ಬೀರಕ್ಕನ ಮನೆ ಹೀಗಿದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಾಯಿ ಹೋಯಿತು ಅಂದುಕೊಂಡು, ಕಾಲೆಳೆಯುತ್ತ ಅಂಗಳಕ್ಕೆ ಬಂದೆ.

ಬೀರಕ್ಕ ನೆಲದ ಮೇಲೆ ಕೂತಿದ್ದಳು. ದನಿ ಏರದಿರಲೆಂದು ದವಡೆ ತುಂಬ ಎಲೆಯಡಿಕೆ ತುಂಬಿಕೊಂಡಿದ್ದಳು. ಆ ಸಂದಿಯಿಂದಲೇ "ತಿನ್ನಪ್ಪ... ತಿನ್ನು ನನ್ನಪ್ಪ..." ಎನ್ನುತ್ತಿದ್ದಳು. ನಾಯಿ ಅವಳ ಅಂಗೈಯಿಂದ ಹಾಲುಮುದ್ದೆ ನೆಕ್ಕುತ್ತಿತ್ತು. ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಸುಳ್ಳೇಕೆ.

"ಮೂರು ದಿನದಿಂದ ಗಂಟಲು ಕಟ್ಟಿದಂಗಾಗೈತೆ ಕಣಪ್ಪ," ಎಂದಳು ಎಲೆ ಉಗಿದು, ಪಿಸುದನಿಯಲ್ಲಿ. "ನಿನ್ನೆ ಸಂಜೆಯಿಂದ ತಿಂತಾ ಐತೆ. ಬೈದ್ರೆ ಅನ್ನ ಸೇರದ ಜೀವಾನೂ ಇರ್ತೈತೆ ಅಂತ ನಂಗೇನು ಗೊತ್ತು?"

"ನಂಗೂ ಸೇರಲ್ಲ ಅತ್ತೆ."

ಬಾಗಿಲಲ್ಲಿ ನಿಂತಿದ್ದ ಮೇಘನಾ ಹೇಳಿದ್ದು. ದೂರಿನಂತಲ್ಲ, ನಾಯಿಯ ವಿಷಯಕ್ಕೆ ಒಂದು ಮಾತು ಸೇರಿಸಿದಂತೆ ಹೇಳಿದಳು.

ಬೀರಕ್ಕನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು, ನಾಯಿ ನೆಕ್ಕುತ್ತಲೇ ಇತ್ತು. ನನಗೆ ನಾಚಿಕೆಯಾಯಿತು. ಆರು ವರ್ಷ ಆ ಹುಡುಗಿ ಕಡೆದ ಮಜ್ಜಿಗೆ ಕುಡಿದವನು ನಾನು. ನಾಯಿಯ ಸ್ವಭಾವ ನೋಡಿದೊಡನೆ ಹೇಳಿಬಿಟ್ಟೆ, ಇವಳನ್ನು ನೋಡಿಯೇ ಇರಲಿಲ್ಲ.

ಬೀರಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಅವಳು ಹತ್ತಿರ ಬಂದದ್ದಕ್ಕೆ ಮೇಘನಾ ಅಭ್ಯಾಸದಂತೆ ಗೋಡೆಗೆ ಸರಿದಳು. ಬೀರಕ್ಕ ಅದನ್ನು ನೋಡಿದಳು. ಒಳಗೆ ಹೋಗಿ ತಾನೇ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಸೊಸೆಯ ಮುಂದಿಟ್ಟು, ಪಕ್ಕದಲ್ಲೇ ಕೂತಳು. ತುಟಿ ಅಲುಗಿತು. ಅಂಗಳದಲ್ಲಿ ನಿಂತ ನನಗೆ ಏನೂ ಕೇಳಿಸಲಿಲ್ಲ.

ಮೇಘನಾಗೆ ಕೇಳಿಸಿತು. ಕೂತು, ಮುದ್ದೆ ಪೂರ್ತಿ ಉಂಡಳು.