ಮೋಚಿ ಎಂದರೆ ತಿನ್ನುವುದು

ಮೊಚ್ಚಿಯೋ ಮೋಚಿಯೋ, ಆ ಜಪಾನಿ ಸಿಹಿಯ ಹೆಸರಿಗೆ ಈಗಲೂ ಈ ಅಜ್ಜಿಯ ನಾಲಿಗೆ ತೊಡರುತ್ತದೆ, ಪುಟ್ಟಿ. ನಾನು ಹುಟ್ಟಿದ ಬೀದರಿನಲ್ಲಿ ಮೋಚಿ ಎಂದರೆ ಚಪ್ಪಲಿ ಹೊಲಿಯುವವರು.

ವಿದ್ಯಾರಣ್ಯಪುರಂನ ನಮ್ಮ ಮಹಡಿಯಲ್ಲಿ, ಯೋಗ ಕಲಿಯಲು ಬಂದ ಜಪಾನಿ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಜನವರಿ ಒಂದರ ಬೆಳಿಗ್ಗೆ ಕೆಳಗಿಳಿದು ಬಂದು, "ಅಮ್ಮ, ಮೋಚಿ ಬೇಕು. ಇವತ್ತೇ ಬೇಕು," ಎಂದಳು. ಅತ್ತು ಕಣ್ಣು ಕೆಂಪಾಗಿತ್ತು. ನಾನು ನೇರವಾಗಿ ಬೀದಿ ಕೊನೆಯ ಚಪ್ಪಲಿ ರಿಪೇರಿಯವರ ಹತ್ತಿರ ಕರೆದೊಯ್ದೆ.

ಅವರು ಅವಳ ಚಪ್ಪಲಿ ತಿರುಗಿಸಿ ನೋಡಿ, "ಚೆನ್ನಾಗೇ ಅವೆ ಕಣಮ್ಮ, ಏನ್ ಹೊಲೀಲಿ?" ಎಂದರು. ಹುಡುಗಿ ಚೀಲದಿಂದ ತನ್ನೂರಿನ ಅಕ್ಕಿಹಿಟ್ಟಿನ ಪೊಟ್ಟಣ, ಹಸಿರು ಟೀ ಪುಡಿಯ ಪುಟ್ಟ ಡಬ್ಬಿ ತೆಗೆದು, ತಿನ್ನುವ ಸನ್ನೆ ಮಾಡಿದಳು.

"ಆ ಮಗೀಗೆ ಅಸಿವು ಕಣಮ್ಮ, ಮನೆಗ್ ಕರ್ಕೊಂಡೋಗಿ!" ಎಂದು ಅವರೇ ನನಗೆ ಬಿಡಿಸಿ ಹೇಳಿದರು.

ಹಿಟ್ಟು, ಸಕ್ಕರೆ, ಹಸಿರು ಪುಡಿ ಕಲಸಿ ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆವು. ಬೆಂದ ಹಿಟ್ಟು ಬೆರಳು ಬಿಡಲೊಲ್ಲದು. ಮೊದಲ ಉಂಡೆಯನ್ನು ಅವಳು ಹಿಂದಿನ ವರ್ಷ ತೀರಿಕೊಂಡಿದ್ದ ತಾಯಿಯ ಫೋಟೋ ಮುಂದಿಟ್ಟಳು. ಪ್ರತಿ ಹೊಸ ವರ್ಷಕ್ಕೂ ಅವರೇ ಮಾಡಿಕೊಡುತ್ತಿದ್ದರಂತೆ. ಎರಡನೆಯದನ್ನು ನನ್ನ ಬಾಯಿಗಿಟ್ಟಳು. ತವರು ಬಿಟ್ಟ ಮೇಲೆ ನನಗೆ ಹಾಗೆ ತುತ್ತಿಟ್ಟವರು ಅವಳೊಬ್ಬಳೇ.

ಮೂರನೆಯದನ್ನು ಚಪ್ಪಲಿಯವರಿಗೆ ಒಯ್ದೆವು. ಅವರು ಬಹಳ ಹೊತ್ತು ಅಗಿದು, "ಇದ್ರಲ್ಲಿ ಅಟ್ಟೆ ಅಂಟಿಸ್ಬೋದು ಕಣಮ್ಮ," ಎಂದರು. ಆಮೇಲೆ ಇನ್ನೊಂದು ಇದೆಯಾ ಎಂದು ಕೇಳಿದರು.

ಪುಟ್ಟಿ, ನಾನು ಮರೆಯುವ ಮೊದಲು ಬರಕೋ: ಮೋಚಿ. ಪಕ್ಕದಲ್ಲಿ 'ತಿನ್ನುವುದು' ಅಂತಲೂ ಬರಿ.